ಸಹಿ ಕೆಟ್ಟಿದ್ದರೆ ಸರಿ

ಪೂರ್ವತೀರ ಕನ್ನಡ ಕೂಟದ ಅಂಚೆಪಟ್ಟಿಗೆ ಬರುವ ಪತ್ರಗಳಲ್ಲಿ ಸಹಿ ಇಲ್ಲದ ಪತ್ರವು ಪತ್ರವೇ ಅಲ್ಲವೆಂದು ಎರಡು ಸಾವಿರದ ಮೂರನೇ ಇಸವಿ ಫೆಬ್ರವರಿ ಒಂಬತ್ತನೇ ತಾರೀಕು ಭಾನುವಾರ, ಚೆನ್ನೈನ ಅಣ್ಣಾ ನಗರದಲ್ಲಿರುವ ಕೂಟದ ಕೊಠಡಿಯಲ್ಲಿ ಸೇರಿದ ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಸಭೆಯಲ್ಲಿ ಹನ್ನೊಂದು ಮಂದಿ ಇದ್ದರು. ನಾಲ್ವರು ವಿರೋಧಿಸಿದರು. ವಿರೋಧವನ್ನು ಬರೀ ಬಾಯಿಮಾತಿನಲ್ಲಿ ಹೇಳಿದ್ದರಿಂದಲೂ ಅದಕ್ಕೆ ಸಹಿ ಇಲ್ಲದ್ದರಿಂದಲೂ ಅದು ವಿರೋಧವಲ್ಲವೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಜಂಟಿ ಕಾರ್ಯದರ್ಶಿಯಾದ ನಾನು, ರಘು, ಅದನ್ನು ಹಾಗೆಯೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ. ನನ್ನ ಕೈಬರಹ ದುಂಡಗಿದೆ. ಆ ಒಂದೇ ಅರ್ಹತೆಯ ಮೇಲೆ ಆರು ವರ್ಷದಿಂದ ಈ ಹುದ್ದೆಯಲ್ಲಿದ್ದೇನೆ.

ಅಂಚೆಪಟ್ಟಿ ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ಕೂಟದ ಒಂದು ಇ-ಮೇಲ್ ವಿಳಾಸವಿದೆ. ಅದಕ್ಕೆ ಒಬ್ಬರು ಬರೆದರೆ ಇನ್ನೂರ ಹದಿನೆಂಟು ಸದಸ್ಯರಿಗೂ ಅದು ಹೋಗುತ್ತದೆ. ಒಬ್ಬರು ಯುಗಾದಿ ಶುಭಾಶಯ ಹೇಳಿದರೆ ಉಳಿದ ಇನ್ನೂರ ಹದಿನೇಳು ಮಂದಿಯೂ ‘ನಿಮಗೂ’ ಎಂದು ಎಲ್ಲರಿಗೂ ಕಳಿಸುತ್ತಾರೆ. ನಮ್ಮ ಕಂಪ್ಯೂಟರುಗಳಿಗೆ ಆಗ ಕನ್ನಡದ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಿದ್ದೆವು. ಪ್ರತಿ ಪತ್ರವೂ ಕೂಟದ ಮೂಲಕ ಹಾದುಹೋಗುವಾಗ ಅದರ ಬುಡಕ್ಕೆ ‘ಕನ್ನಡ ಬಳಸಿ, ಕನ್ನಡ ಉಳಿಸಿ’ ಎಂಬ ಸಾಲು ತಾನಾಗಿ ಅಂಟಿಕೊಳ್ಳುತ್ತಿತ್ತು, ಅದೂ ಇಂಗ್ಲಿಷ್ ಅಕ್ಷರಗಳಲ್ಲೇ. ಬೆಳ್ಳಿಹಬ್ಬದ ವರ್ಷ ಮಹಾಸಭೆ ಠರಾವು ಮಾಡಿ ಅಂಟಿಸಿದ ಸಾಲು ಅದು. ಈ ಸಾಲನ್ನು ಓದುಗರು ನೆನಪಿನಲ್ಲಿಡಬೇಕೆಂದು ವಿನಂತಿ.

ಸಹಿಯ ಅಗತ್ಯ ಬಿದ್ದದ್ದು ಹೋಳಿಗೆಯಿಂದ. ಸಂಕ್ರಾಂತಿ ಮುಗಿದ ವಾರದಲ್ಲಿ ಅಧ್ಯಕ್ಷರಾದ ಕಮಲಾಕರ ಅವರ ಹೆಸರಿನಲ್ಲಿ ಅಂಚೆಪಟ್ಟಿಗೆ ಒಂದು ಪತ್ರ ಬಂತು. ‘ಬರುವ ಭಾನುವಾರ ಬೆಸೆಂಟ್ ನಗರದ ನಮ್ಮ ಮನೆಯಲ್ಲಿ ಎಲ್ಲರಿಗೂ ಹೋಳಿಗೆ ಊಟ. ಸಂಕೋಚ ಬೇಡ.’ ವಿಮಾ ಕಂಪನಿಯಿಂದ ನಿವೃತ್ತರಾದ ಕಮಲಾಕರ ಅವರು ಹನ್ನೆರಡು ವರ್ಷದಿಂದ ಅಧ್ಯಕ್ಷರಾಗಿದ್ದರೂ ಅವರ ಮನೆಯಲ್ಲಿ ಕಾಫಿ ಕುಡಿದವರನ್ನು ನಾನು ಕಂಡಿರಲಿಲ್ಲ. ಆದ್ದರಿಂದಲೇ ಅರವತ್ತನಾಲ್ಕು ಮಂದಿ ಹೋದರು, ಕೆಲವರು ಟಿಫಿನ್ ಕ್ಯಾರಿಯರ್ ಸಮೇತ. ಬಾಗಿಲು ತೆಗೆದ ಅಧ್ಯಕ್ಷರು ಲುಂಗಿಯಲ್ಲಿದ್ದರು. ತಾನು ಅಂಥ ಪತ್ರ ಬರೆದಿಲ್ಲವೆಂದು ಮೆಟ್ಟಿಲ ಮೇಲೆ ನಿಂತೇ ಘೋಷಿಸಿದರು. ಅಷ್ಟರಲ್ಲಿ ಅವರ ಪತ್ನಿ ಶಾರದಮ್ಮನವರು ಒಳಗಿನಿಂದ ಬಂದು, “ಬನ್ನಿ ಬನ್ನಿ, ಎಲೆ ಹಾಕಿದೆ,” ಎಂದರು. ಅರ್ಧ ಗಂಟೆಯಲ್ಲಿ ಅರವತ್ತನಾಲ್ಕು ಮಂದಿಗೂ ಹೋಳಿಗೆ, ತುಪ್ಪ, ಮಾವಿನಕಾಯಿ ಚಿತ್ರಾನ್ನ ಬಡಿಸಿದರು. ಬರೆಯದ ಪತ್ರಕ್ಕೆ ಅಷ್ಟು ಹೋಳಿಗೆ ಮೊದಲೇ ಹೇಗೆ ತಟ್ಟಿದ್ದಿತೆಂದು ಅಧ್ಯಕ್ಷರು ಕೇಳಲಿಲ್ಲ. ಉಣ್ಣುವ ಬಾಯಲ್ಲಿ ನಾವೂ ಕೇಳಲಿಲ್ಲ. “ಮೂವತ್ತು ವರ್ಷದಲ್ಲಿ ನಮ್ಮನೆಗೆ ಇಷ್ಟು ಜನ ಬಂದಿದ್ದು ಇದೇ ಮೊದಲು,” ಎಂದು ಶಾರದಮ್ಮನವರು ಎರಡು ಸಲ ಹೇಳಿದರು. ಅವರ ಮುಖ ಬಹಳ ಗೆಲುವಾಗಿತ್ತು.

ಫೆಬ್ರವರಿ ಸಭೆಗೆ ಅಧ್ಯಕ್ಷರು ಕೆಂಪಗೆ ಬಂದರು. ಟೈಡಲ್ ಪಾರ್ಕಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ನಮ್ಮ ಸದಸ್ಯ ನಿಶಾಂತ್ ಎಂಬ ಹುಡುಗ ಪರಿಹಾರ ಹೇಳಿದ. ಡಿಜಿಟಲ್ ಸಹಿ ಎಂಬುದೊಂದಿದೆ, ಅದಕ್ಕೆ ಎರಡು ಕೀಲಿಕೈ ಬೇಕು, ಒಂದನ್ನು ಊರಿಗೆಲ್ಲ ಕೊಡಬೇಕು, ಇನ್ನೊಂದನ್ನು ಯಾರಿಗೂ ಕೊಡಬಾರದು, ಆಗ ಪತ್ರ ಬರೆದವರು ಯಾರೆಂದು ಖಚಿತವಾಗುತ್ತದೆ ಎಂದ.

ಅಣ್ಣಾ ನಗರದಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುವ ಐತಪ್ಪನವರು ಎದ್ದು ನಿಂತರು.

“ನಾನು ನಾನೇ ಅಂತ ಹೇಳ್ಲಿಕ್ಕೆ ಕೀಲಿಕೈ ಎಂತಕ್ಕೆ ಮಾರಾಯ್ರೆ? ನನ್ನ ಮೇಲ್ ಓದಿದ್ರೆ ಗೊತ್ತಾಗುದಿಲ್ವಾ? ನಾನು ಮಾಡುವ ತಪ್ಪನ್ನು ಬೇರೆ ಯಾರಿಗೂ ಮಾಡ್ಲಿಕ್ಕೆ ಬರೂದಿಲ್ಲ. ಆ ತಪ್ಪೇ ನನ್ನ ಸಹಿ.”

“ತಪ್ಪಿಗೆ ಕಾನೂನಿನಲ್ಲಿ ಮಾನ್ಯತೆ ಇಲ್ಲ,” ಎಂದರು ಅಧ್ಯಕ್ಷರು. “ಸಹಿಗೆ ಇದೆ. ಎರಡು ಸಾವಿರದ ಇಸವಿಯಲ್ಲಿ ಕೇಂದ್ರ ಸರ್ಕಾರವೇ ಕಾಯ್ದೆ ಮಾಡಿದೆ.”

“ಸಾರ್, ನಮ್ಮದು ಉಗಾದಿ, ದೀಪಾವಳಿ ಹೇಳೋ ಲಿಸ್ಟು. ಬೇಕಾದವರು ಹಾಕಲಿ, ಬೇಡದವರು ಬಿಡಲಿ. ಕಡ್ಡಾಯ ಬೇಡ ಅನ್ಸುತ್ತೆ,” ಎಂದ ನಿಶಾಂತ್. ಸಲಹೆ ಕೊಟ್ಟವನೇ ವಿರೋಧಿಸಿದ್ದನ್ನು ಸಭೆ ವಿಷಾದದಿಂದ ಗಮನಿಸಿತು. ನಾನು ಮೊದಲೇ ಹೇಳಿದ ನಾಲ್ವರಲ್ಲಿ ಅವನೂ ಒಬ್ಬ. ಅವನನ್ನು ಅಲ್ಲಿಯೇ ಕೀಲಿಕೈ ಅಧಿಕಾರಿ ಎಂದು ನೇಮಿಸಲಾಯಿತು. ಯಾರಿಗೂ ಕೊಡಬಾರದ ಕೀಲಿಕೈಯನ್ನು ಭದ್ರತೆಯ ದೃಷ್ಟಿಯಿಂದ ಎಲ್ಲರೂ ಕೂಟಕ್ಕೆ ಕೊಡತಕ್ಕದ್ದು ಎಂದು ಅಧ್ಯಕ್ಷರು ಸೇರಿಸಿದರು. ಆ ಕೀಲಿಕೈ ತೆರೆಯುವ ಗುಪ್ತಪದವನ್ನೂ ಲಕೋಟೆಯಲ್ಲಿಟ್ಟು ಅಂಟಿಸಿ ಕೊಡತಕ್ಕದ್ದು. ಅದು ಗುಪ್ತವಾಗಿಯೇ ಇದೆಯೇ ಎಂದು ಪರೀಕ್ಷಿಸಲು ವರ್ಷಕ್ಕೊಮ್ಮೆ ಬಹಿರಂಗ ಸಭೆಯಲ್ಲಿ ಓದತಕ್ಕದ್ದು. ನಿಶಾಂತ್ ತಲೆ ಮೇಲೆ ಕೈ ಇಟ್ಟುಕೊಂಡಿದ್ದ. ಅದನ್ನು ಒಪ್ಪಿಗೆಯೆಂದು ಬರೆದುಕೊಂಡೆ.

ಮಾರ್ಚ್ ಎರಡರಂದು ನಿಶಾಂತ್ ಒಂದು ಸುತ್ತೋಲೆ ಕಳಿಸಿದ. ಪ್ರತಿ ಕೀಲಿಕೈಗೂ ನಲವತ್ತು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ, ಅದನ್ನು ಎದುರೆದುರು ಕೂತು ತಾಳೆ ನೋಡಬೇಕು ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಆ ಗುರುತಿಗೆ ಇಂಗ್ಲಿಷಿನವರು ಏನೋ ಬೆರಳಿನ ಹೆಸರು ಇಟ್ಟಿದ್ದಾರಂತೆ. ಕನ್ನಡಾಭಿಮಾನದಿಂದ ಅವನು ಅದನ್ನು ‘ಬೆರಳಚ್ಚು’ ಎಂದು ಬರೆದ. ‘ಎಲ್ಲ ಸದಸ್ಯರೂ ತಮ್ಮ ಕೀಲಿಕೈಯ ಬೆರಳಚ್ಚಿನೊಂದಿಗೆ ಹಾಜರಾಗಬೇಕು.’

ಬೆರಳಚ್ಚು ಎಂದರೆ ಟೈಪಿಂಗ್ ಎಂದು ಸರ್ಕಾರಿ ಕಚೇರಿ ಕಂಡವರೆಲ್ಲ ಬಲ್ಲರು. ಬೆರಳಚ್ಚು ಎಂದರೆ ಬೆರಳಿನ ಗುರುತು ಎಂದು ಪೊಲೀಸ್ ಠಾಣೆ ಕಂಡವರೆಲ್ಲ ಬಲ್ಲರು. ಕೂಟದಲ್ಲಿ ಎರಡೂ ಬಗೆಯವರು ಇದ್ದರು. ಅರ್ಧ ಮಂದಿ ಪ್ಯಾರೀಸ್ ಕಾರ್ನರಿನ ಟೈಪಿಂಗ್ ಅಂಗಡಿಗಳಲ್ಲಿ ಕಾದು ತಮ್ಮ ಮನೆಯ ಬೀಗದ ಕೈಯ ವಿವರಣೆಯನ್ನು ಮೂರು ಪ್ರತಿ ಟೈಪ್ ಮಾಡಿಸಿ ತಂದರು. ಉಳಿದರ್ಧ ಮಂದಿ ಬೀಗದ ಕೈಯನ್ನೇ ಮಸಿಗೆ ಒತ್ತಿ ಕಾಗದದ ಮೇಲೆ ಅಚ್ಚು ಹೊಡೆದು ತಂದರು. ಅಧ್ಯಕ್ಷರು ಇಬ್ಬರ ಪಕ್ಷವನ್ನೂ ಎತ್ತಿಹಿಡಿದು, ಟೈಪ್ ಮಾಡಿದ ಕಾಗದದ ಕೆಳಗೆ ಬೆರಳು ಒತ್ತುವುದು ಎಂದು ರಾಜಿ ಮಾಡಿದರು. ಮಸಿ ಪ್ಯಾಡ್ ಎದುರಿಗೆ ಬಂದಾಗ ಐತಪ್ಪನವರ ಮುಖ ಕಪ್ಪಿಟ್ಟಿತು.

“ನಾನು ಎಂಟನೇ ಕ್ಲಾಸು ಓದಿದ್ದೇನೆ. ನನ್ನನ್ನು ಹೆಬ್ಬೆಟ್ಟು ಅಂತ ಮಾಡ್ತೀರಾ ನೀವು?”

“ಇದು ಹೆಬ್ಬೆಟ್ಟಲ್ಲ ಐತಪ್ಪನವರೆ, ತಂತ್ರಜ್ಞಾನ,” ಎಂದು ನಾನು ಸಮಾಧಾನ ಮಾಡಿದೆ. ಅವರು ತೋರುಬೆರಳು ಒತ್ತಿ ಮಾನ ಉಳಿಸಿಕೊಂಡರು. ಈ ಕೆಲಸ ಮೇ ತಿಂಗಳ ಕೊನೆಯವರೆಗೆ ನಡೆಯಿತು. ಅಲ್ಲಿಯವರೆಗೆ ಅಂಚೆಪಟ್ಟಿಯಲ್ಲಿ ಒಂದೂ ಪತ್ರವಿರಲಿಲ್ಲ. ಸುಳ್ಳು ಪತ್ರಗಳು ಸಂಪೂರ್ಣವಾಗಿ ನಿಂತಿವೆ ಎಂದು ಅಧ್ಯಕ್ಷರು ನಿಯಮದ ಯಶಸ್ಸನ್ನು ದಾಖಲಿಸಲು ಹೇಳಿದರು.

ಈಗ ಕೊಠಡಿಯ ವಿಷಯಕ್ಕೆ ಬರಬೇಕು. ಕೂಟದ ಕೊಠಡಿಯಲ್ಲಿ ತಿಂಗಳಿಗೊಂದು ಸಭೆ ಬಿಟ್ಟರೆ ನಡೆಯುತ್ತಿದ್ದದ್ದು ಒಂದೇ ಕೆಲಸ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಸ ಅವರು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಸರಸ, ಐತಪ್ಪನವರ ಹೋಟೆಲಿನ ದೊಡ್ಡ ಅಡುಗೆಯವರ ಹೆಂಡತಿ. ಹೋಟೆಲಿನ ಮಾಳಿಗೆಯ ಎರಡು ಕೋಣೆಯಲ್ಲಿ ಎಂಟು ಮಂದಿಯ ಸಂಸಾರ. ಮದುವೆಗೆ ಮುಂಚೆ ಉಡುಪಿಯ ಕಡೆ ಶಾಲೆಯಲ್ಲಿ ಟೀಚರಾಗಿದ್ದವರು. ಅವರ ಹತ್ತಿರ ಒಂಬತ್ತು ಮಕ್ಕಳು ಬರುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ಮಗಳು ಪಾವನಾ.

ಪಾವನಾಳಿಗೆ ಒಂಬತ್ತು ವರ್ಷ. ಅವಳು ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಹೇಳುತ್ತಾಳೆ, ಸಿಟ್ಟು ಬಂದಾಗ ಇಂಗ್ಲಿಷಿನಲ್ಲಿ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಾಯಿ ಕರಿಯಮ್ಮನಿಗೆ ಕನ್ನಡ ಬಿಟ್ಟು ಬೇರೆ ಗಾಳಿಯೂ ಸೋಕಿಲ್ಲ. ಅಮ್ಮ ನನ್ನ ತಂಗಿಯ ಸಂಸಾರದ ಜೊತೆ ಗಟ್ಟಿಯಾಗಿದ್ದಾಳೆ, ಹಾಲಿನ ಡೇರಿಯವರ ಜೊತೆ ಜಗಳವಾಡುವಷ್ಟು ಗಟ್ಟಿ. ವಾರಕ್ಕೊಮ್ಮೆ ಫೋನು. ಅಮ್ಮ ಮೊಮ್ಮಗಳ ಜೊತೆ ಎರಡು ನಿಮಿಷ ಮಾತಾಡುತ್ತಾಳೆ. ಪಾವನಾ ಫೋನನ್ನು ಕೈಯಿಂದ ಮುಚ್ಚಿ, “ಅಪ್ಪಾ, ಪಾಟಿ ಎನ್ನ ಸೊಲ್ರಾಂಗೊ?” ಎಂದು ನನ್ನನ್ನು ಕೇಳುತ್ತಾಳೆ. ಅಜ್ಜಿ ಏನು ಹೇಳ್ತಿದ್ದಾರೆ ಅಂತ. ಆ ಕಡೆಯಿಂದ ಅಮ್ಮ, “ಏನ್ಲಾ ರಘು, ಮಗ ಏನಂತದೆ? ಒಂದೂ ತಿಳ್ಯಾಕಿಲ್ವಲ್ಲಪ್ಪ,” ಅನ್ನುತ್ತಾಳೆ. ನಡುವೆ ನಾನು ದುಭಾಷಿ. ಕೊನೆಗೊಂದು ದಿನ ಅಮ್ಮ ಹೇಳಿದಳು, “ಮಾತು ಹಾಳಾಗೋಗ್ಲಿ. ಅದ್ರ ಕೈಯಾಗೆ ಒಂದು ಕಾಗ್ದ ಬರೆಸ್ಲಾ ನಂಗೆ, ಕನ್ನಡದಾಗೆ. ಮೇಷ್ಟ್ರ ತಾವ ಓದಿಸ್ಕತೀನಿ.” ದೀಪಾವಳಿ ಹೊತ್ತಿಗೆ ಕಾಗದ ಬರುತ್ತದೆ ಎಂದು ನಾನು ಮಾತು ಕೊಟ್ಟೆ.

ಮೇ ಕೊನೆಗೆ ತರಗತಿ ಕಾಗುಣಿತ ಮುಗಿಸಿತ್ತು. ಒತ್ತಕ್ಷರ ಯಾವಾಗ ಎಂದು ಸರಸ ಅವರನ್ನು ಕೇಳಿದೆ.

“ಜುಲೈಯಿಂದ ಸುರು ಮಾಡ್ತೇನೆ. ಅದು ಬಾರದೆ ಎಂತ ಬರೆಯುವುದು ಹೇಳಿ? ಅಪ್ಪ, ಅಮ್ಮ, ಅಜ್ಜಿ, ಅಣ್ಣ, ಅಕ್ಕ, ಎಲ್ಲ ಒತ್ತೇ. ಕನ್ನಡ ಅಂತ ಬರೀಲಿಕ್ಕೂ ಒತ್ತು ಬೇಕು. ಈಗ ನಿಮ್ಮ ಮಗಳಿಗೆ ಬರೀಲಿಕ್ಕೆ ಬರುವ ಸಂಬಂಧಿಕರು ಅಂದ್ರೆ ಮಾವ ಒಬ್ಬ, ತಾತ ಒಬ್ಬ.”

ಜೂನ್ ಒಂದರಂದು ಕಟ್ಟಡದ ಮಾಲೀಕರು ಬಂದರು. ವಯಸ್ಸಾದ ತಮಿಳು ಗೃಹಸ್ಥರು. ಪ್ಯಾರೀಸ್ ಕಾರ್ನರಿನ ಕೊಡೆ ವ್ಯಾಪಾರಿಯೊಬ್ಬ ಆ ಕೊಠಡಿಯನ್ನು ಗೋದಾಮಿಗೆ ಕೇಳುತ್ತಿದ್ದಾನೆ ಎಂದರು. ತನಗೇನೋ ಮಕ್ಕಳು ಓದುವ ಸದ್ದು ಇಷ್ಟ, ಆದರೆ ಮಕ್ಕಳಿಗೆ ಪಾಠ ಬೇಕು ಎನ್ನುವವರು ಯಾರಾದರೂ ಇದ್ದಾರೋ ಇಲ್ಲವೋ ತನ್ನ ಗಂಡುಮಕ್ಕಳು ಕೇಳುತ್ತಾರೆ ಎಂದರು. “ಮುಪ್ಪದು ಪೇರ್ ವೇಣುಂನ್ನು ಸೊನ್ನಾ ಪೋದುಂ ಸಾರ್.” ಮೂವತ್ತು ಜನ ಬೇಕು ಅಂದರೆ ಸಾಕು. ತಿಂಗಳ ಕೊನೆಯೊಳಗೆ ಕೂಟದ ಕಡೆಯಿಂದ ಒಂದು ಕಾಗದ ಕೊಡಿ ಎಂದು ಹೇಳಿ ಹೋದರು.

ಇದಕ್ಕಿಂತ ಸುಲಭದ ಕೆಲಸ ಕೂಟದ ಚರಿತ್ರೆಯಲ್ಲೇ ಬಂದಿರಲಿಲ್ಲ. ಸರಸ ಅವರು ಬ್ರೌಸಿಂಗ್ ಸೆಂಟರಿಗೆ ಹೋಗಿ ಅಂಚೆಪಟ್ಟಿಗೆ ಬರೆದರು: ‘ಮಕ್ಕಳ ಕ್ಲಾಸಿಗೆ ರೂಮು ಬೇಕೋ ಬೇಡವೋ? ಬೇಕು ಅಂತಾದರೆ ಬೇಕು ಅಂತ ಒಂದು ಮಾತು ಬರೆಯಿರಿ.’ ಎರಡೇ ದಿನದಲ್ಲಿ ನಲವತ್ತೊಂದು ಮಂದಿ ‘ಬೇಕು’ ಎಂದರು. ಹೊಸೂರು, ಸಿಂಗಪುರಕ್ಕೆ ವರ್ಗವಾಗಿ ಹೋದವರೂ ಬೇಕು ಎಂದರು.

ಜೂನ್ ಎಂಟರ ಸಭೆಯಲ್ಲಿ ಅಧ್ಯಕ್ಷರು ನಲವತ್ತೊಂದನ್ನೂ ಪರಿಶೀಲಿಸಿ, “ಒಂದಕ್ಕೂ ಸಹಿ ಇಲ್ಲ,” ಎಂದರು.

“ಹೆಸರು ಇದೆಯಲ್ಲ?” ಎಂದರು ಸರಸ.

“ಹೆಸರು ಯಾರು ಬೇಕಾದರೂ ಹಾಕಬಹುದಮ್ಮ. ನನ್ನ ಹೆಸರು ಹಾಕಿ ಹೋಳಿಗೆ ಊಟ ಹಾಕಿಸಲಿಲ್ಲವೆ? ಅಲ್ಲದೆ, ನೀವು ಪ್ರಶ್ನೆ ಕೇಳಿದ ಪತ್ರಕ್ಕೇ ಸಹಿ ಇಲ್ಲ. ಆದ್ದರಿಂದ ನೀವು ಕೇಳಿಲ್ಲ. ಕೇಳದ ಪ್ರಶ್ನೆಗೆ ಬಂದ ಉತ್ತರವನ್ನು ಏನೆಂದು ಪರಿಗಣಿಸುವುದು?”

ಇದು ಘನವಾದ ಪ್ರಶ್ನೆಯಾದ್ದರಿಂದ ಪೂರ್ತಿ ಬರೆದುಕೊಳ್ಳಲು ಅಪ್ಪಣೆಯಾಯಿತು. ಸರಸ ಅವರು ನನ್ನ ಕಡೆ ನೋಡಿದರು. ನಾನು ಬರೆಯುತ್ತಿದ್ದೆ.

ಆಮೇಲೆ ನಿಶಾಂತ್ ನಿಜವಾಗಿ ದುಡಿದ. ಆಫೀಸಿಗೆ ರಜೆ ಹಾಕಿ, ಮೋಟಾರ್ ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ, ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಸಹಿಯ ತಂತ್ರಾಂಶ ಹಾಕಿ, ಬಳಸುವುದು ಹೇಗೆಂದು ಹೇಳಿಕೊಟ್ಟ. ಐತಪ್ಪನವರಿಗೆ ಕಲಿಸಲು ನಾಲ್ಕು ಮಸಾಲೆ ದೋಸೆಯಷ್ಟು ಹೊತ್ತು ಹಿಡಿಯಿತಂತೆ. ಸರಸ ಅವರು ಸಹಿ ಹಾಕಿಯೇ ಮತ್ತೆ ಪ್ರಶ್ನೆ ಕೇಳಿದರು. ಜೂನ್ ಇಪ್ಪತ್ತೆರಡರ ಹೊತ್ತಿಗೆ ಮೂವತ್ತಮೂರು ಮಂದಿ ಸಹಿ ಹಾಕಿ ‘ಬೇಕು’ ಎಂದಿದ್ದರು. ಅದರಲ್ಲಿ ನನ್ನದೂ ಒಂದು. ಅಂದು ಬೆಳಿಗ್ಗೆ ಪಾವನಾ ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ನೋಡಿ, “ನೀಯುಂ ವೇಣುಂನ್ನು ಸೊಲ್ಲಿಟ್ಟಿಯಾ ಅಪ್ಪಾ?” ಎಂದು ಕೇಳಿದಳು. ಹೌದು ಪುಟ್ಟಿ, ನಾನೂ ಬೇಕು ಅಂದಿದ್ದೇನೆ ಎಂದೆ. ಬಹಳ ದಿನದ ಮೇಲೆ ನನಗೆ ನನ್ನ ಮೇಲೆ ಪ್ರೀತಿ ಬಂತು.

ಸಭೆಯಲ್ಲಿ ನಿಶಾಂತ್ ಒಂದೊಂದೇ ಪತ್ರವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಪರೀಕ್ಷಿಸಿದ. ಮೊದಲನೆಯದಕ್ಕೆ ಯಂತ್ರವು ‘ಸಹಿ ಕೆಟ್ಟಿದೆ’ ಎಂದಿತು. ಎರಡನೆಯದಕ್ಕೂ ಕೆಟ್ಟಿದೆ ಎಂದಿತು. ಮೂವತ್ತಮೂರೂ ಕೆಟ್ಟಿದ್ದವು. ಅವನು ಬೆವರಿದ. ಹತ್ತು ನಿಮಿಷ ತಲೆ ಕೆರೆದುಕೊಂಡು, ಕೊನೆಗೆ ನಕ್ಕುಬಿಟ್ಟ.

“ಸಾರ್, ತಪ್ಪು ನಮ್ಮದೇ. ಸಹಿ ಹಾಕಿದ ಮೇಲೆ ಪತ್ರದಲ್ಲಿ ಒಂದು ಚುಕ್ಕೆ ಸೇರಿದರೂ ಸಹಿ ಕೆಡುತ್ತೆ. ಇಲ್ಲಿ ಕಳಿಸಿದ ಮೇಲೆ ಕೂಟವೇ ಬುಡಕ್ಕೆ ‘ಕನ್ನಡ ಬಳಸಿ, ಕನ್ನಡ ಉಳಿಸಿ’ ಅಂತ ಸೇರಿಸ್ತಾ ಇದೆ. ಅದೊಂದು ಸಾಲು ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತೆ. ಒಂದು ನಿಮಿಷದ ಕೆಲಸ.”

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕನ್ನಡ ಉಳಿಸಿ ಅನ್ನೋದನ್ನ ತೆಗೀಬೇಕಾ?” ಎಂದರು ಅಧ್ಯಕ್ಷರು ನಿಧಾನವಾಗಿ. “ಚೆನ್ನೈನಲ್ಲಿ ಕೂತು?”

“ಆ ಸಾಲು ತೆಗೆದ್ರೆ ಕನ್ನಡ ಕ್ಲಾಸು ಉಳೀತದೆ ಅಲ್ವಾ?” ಎಂದರು ಸರಸ.

“ಕ್ಲಾಸು ಒಂಬತ್ತು ಮಕ್ಕಳಿಗೆ. ಸಾಲು ಇನ್ನೂರ ಹದಿನೆಂಟು ಮನೆಗೆ ಹೋಗ್ತದೆ,” ಎಂದರು ಅಧ್ಯಕ್ಷರು. ಅಲ್ಲದೆ ಬೆಳ್ಳಿಹಬ್ಬದ ಠರಾವನ್ನು ಬದಲಿಸಬೇಕಾದರೆ ಮಹಾಸಭೆಯ ಮುಕ್ಕಾಲು ಪಾಲು ಒಪ್ಪಿಗೆ ಬೇಕು; ಒಪ್ಪಿಗೆಯನ್ನು ಅಂಚೆಪಟ್ಟಿಯಲ್ಲಿ ಸಹಿ ಸಮೇತ ಕೊಡಬೇಕು; ಆ ಸಹಿಗಳೂ ಇದೇ ಸಾಲಿನಿಂದ ಕೆಡುತ್ತವೆ. ಇದನ್ನು ನಾನೇ ನಿಯಮಾವಳಿಯಿಂದ ಓದಿ ಹೇಳಿದೆ. ನಿಯಮ ಕಂಠಪಾಠ ಇರುವವನಿಗೆ ಸುಮ್ಮನೆ ಕೂರಲು ಆಗುವುದಿಲ್ಲ, ಅದೊಂದು ಚಟ.

ಜೂನ್ ಇಪ್ಪತ್ತೊಂಬತ್ತು, ಭಾನುವಾರ. ಮಾಲೀಕರಿಗೆ ಕಾಗದ ಕೊಡಲು ಒಂದು ದಿನ ಉಳಿದಿತ್ತು. ಅಧ್ಯಕ್ಷರು ವಾರವಿಡೀ ಯೋಚಿಸಿ ಬಂದಿದ್ದರು. ಅವರ ತೀರ್ಪು ಈ ಕೂಟ ಕಂಡ ಅತ್ಯುತ್ತಮ ತೀರ್ಪುಗಳಲ್ಲಿ ಒಂದಾದ್ದರಿಂದ ಯಥಾವತ್ತಾಗಿ ಕೊಡುತ್ತೇನೆ.

“ಕೂಟದ ಮೂಲಕ ಹಾದುಬಂದ ಪತ್ರದ ಸಹಿ ಕೆಡಲೇಬೇಕು. ಕೆಡದಿದ್ದರೆ ಅದು ಕೂಟದ ಮೂಲಕ ಬಂದದ್ದಲ್ಲ, ಎಲ್ಲಿಂದಲೋ ಬಂದದ್ದು. ಆದ್ದರಿಂದ ಇನ್ನು ಮೇಲೆ ಕೆಟ್ಟ ಸಹಿಯೇ ಸರಿಯಾದ ಸಹಿ. ಸರಿಯಾದ ಸಹಿ ಬಂದರೆ ಅಂಥವರ ಮೇಲೆ ಕ್ರಮ ಕೈಗೊಳ್ಳುವುದು.”

ಎಲ್ಲರ ಮುಖದಲ್ಲೂ ಕಳೆ ಬಂತು. ಸರಸ ಅವರು ಕುರ್ಚಿಯ ತುದಿಗೆ ಬಂದಿದ್ದರು. “ಹಾಗಾದ್ರೆ ಮೂವತ್ತಮೂರೂ ಸರಿ. ಮೂವತ್ತಮೂರು ಜನ ಬೇಕು ಅಂದಿದ್ದಾರೆ ಅಂತ ಬರೆದುಕೊಡಿ.”

“ತಾಳಿ. ಸಹಿ ಸರಿ. ಆದರೆ ಸಹಿ ಕೆಟ್ಟಿದೆ ಎಂದರೆ ಏನರ್ಥ, ನಿಶಾಂತ್? ನೀವೇ ಹೇಳಿದಿರಿ.”

“ದಾರೀಲಿ ಪತ್ರದ ಒಳಗಿನ ವಿಷಯ ಬದಲಾಗಿದೆ ಅಂತ,” ಎಂದ ನಿಶಾಂತ್. ಅವನ ದನಿ ಸೋತಿತ್ತು.

“ಅಂದಮೇಲೆ ಪತ್ರ ಬಂದಿರುವುದು ನಿಜ. ಅದರಲ್ಲಿ ಏನು ಬರೆದಿದೆ ಎಂಬುದನ್ನು ನಂಬಲು ಬರುವುದಿಲ್ಲ. ಬೇಡ ಎಂದು ಬರೆದದ್ದು ದಾರಿಯಲ್ಲಿ ಬೇಕು ಎಂದು ಆಗಿರಲೂಬಹುದು.”

ಆಗ ಬಾಗಿಲಲ್ಲಿ ಪಾವನಾ ನಿಂತಿದ್ದಳು. ಸಭೆ ಇದ್ದುದರಿಂದ ಅಂದು ತರಗತಿ ಇರಲಿಲ್ಲ, ಆದರೂ ಮಕ್ಕಳು ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಅವಳು ನೇರ ಅಧ್ಯಕ್ಷರ ಮೇಜಿನ ಹತ್ತಿರ ಬಂದು ನಾಲ್ಕು ಗೆರೆ ಪುಸ್ತಕದಿಂದ ಹರಿದ ಒಂದು ಹಾಳೆ ಇಟ್ಟು, ನನ್ನನ್ನು ನೋಡದೆ ಹೊರಟುಹೋದಳು. ಅಧ್ಯಕ್ಷರು ಅದನ್ನು ನನಗೆ ದಾಟಿಸಿ ಓದಲು ಹೇಳಿದರು. ಪೆನ್ಸಿಲ್ಲಿನಲ್ಲಿ, ಒಂದೊಂದು ಅಕ್ಷರವೂ ಹುಣಸೆಹಣ್ಣಿನ ಉಂಡೆಯಷ್ಟು ದಪ್ಪಗೆ, ಹೀಗೆ ಬರೆದಿತ್ತು:

‘ಕೂಟದ ಮಾಮಂದಿರಿಗೆ. ನಮಗೆ ರೂಮು ಬೇಕು. ಒತತು ಇನನೂ ಬಂದಿಲಲ. ಒತತು ಬಂದರೆ ಅಜಜಿಗೆ ಕಾಗದ ಬರೆಯುವೆ. ಅಪಪನೂ ಬೇಕು ಅಂತ ಹೇಳಿದದಾರೆ. ಪಾವನಾ.’

ಅವಳ ಹೆಸರಿಗೆ ಒತ್ತು ಬೇಕಾಗಿಲ್ಲ. ಅದೊಂದನ್ನು ಸರಿಯಾಗಿ ಬರೆದು ಕೆಳಗೆ ಗೆರೆ ಎಳೆದಿದ್ದಳು. ನಾನು ಗಟ್ಟಿಯಾಗಿ ಓದಿದೆ. ‘ಅಪಪ’ ಎಂಬಲ್ಲಿ ನಾಲಿಗೆ ತಡವರಿಸಿತು. ಅದನ್ನು ನಡಾವಳಿಯಲ್ಲಿ ದಾಖಲಿಸಿಲ್ಲ.

“ಇದು ಯಾರು ಬರೆದದ್ದು ಅಂತ ಅನುಮಾನ ಉಂಟಾ ಯಾರಿಗಾದ್ರೂ?” ಎಂದರು ಐತಪ್ಪನವರು. “ನೋಡಿ ಆ ತಪ್ಪನ್ನು. ಅದೇ ಸಹಿ.”

“ಸಹಿ ಇದೆಯೇ ರಘು?” ಎಂದು ಅಧ್ಯಕ್ಷರು ನನ್ನನ್ನು ಕೇಳಿದರು.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಿಯಮ ಏಳರ ‘ಆ’ ಉಪನಿಯಮದ ಪ್ರಕಾರ ಕೈಯಲ್ಲಿ ಬರೆದ ಹೆಸರು ಸಹಿಯಲ್ಲ. ಆ ಉಪನಿಯಮವನ್ನು ಬರೆದವನು ನಾನೇ, ದುಂಡಗಿನ ಅಕ್ಷರದಲ್ಲಿ. ನಾನು ಎದ್ದು ನಿಂತು, “ಇಲ್ಲ ಸಾರ್,” ಎಂದೆ.

ಸರಸ ಅವರು ತಮ್ಮ ಸೀಮೆಸುಣ್ಣದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಬಾಗಿಲ ಹತ್ತಿರ ನಿಂತು, “ನಿಮಗೆ ಒತ್ತು ಬರ್ತದೆ ರಘು, ಬೆನ್ನೆಲುಬು ಬರೂದಿಲ್ಲ,” ಎಂದರು. ಅಂದಿನಿಂದ ಅವರು ನನ್ನ ಹತ್ತಿರ ಮಾತಾಡಿಲ್ಲ.

ಮರುದಿನ ಮಾಲೀಕರಿಗೆ ಕೂಟದ ಕಾಗದ ತಲುಪಿತು. ಅದರ ಸಾರಾಂಶ: ತಮ್ಮ ಕೋರಿಕೆಯ ಮೇರೆಗೆ ಮೂವತ್ತಮೂರು ಸದಸ್ಯರು ಪತ್ರ ಬರೆದಿರುವುದನ್ನು ದೃಢಪಡಿಸಲಾಗಿದೆ, ಏನು ಬರೆದಿದ್ದಾರೆಂದು ಹೇಳಲು ಬರುವುದಿಲ್ಲ. ಮಾಲೀಕರು ಅದನ್ನು ಎರಡು ಸಲ ತಮಿಳಿಗೆ ಅನುವಾದ ಮಾಡಿಸಿಕೊಂಡು ಕೇಳಿ, ಜುಲೈ ಒಂದಕ್ಕೆ ಕೊಡೆ ವ್ಯಾಪಾರಿಗೆ ಬೀಗ ಕೊಟ್ಟರು. ಐತಪ್ಪನವರು ತಮ್ಮ ಹೋಟೆಲಿನ ಫ್ಯಾಮಿಲಿ ರೂಮನ್ನು ಭಾನುವಾರ ಹತ್ತು ಗಂಟೆಗೆ ಬಿಟ್ಟುಕೊಡಲು ಮುಂದೆ ಬಂದರು. ಅಷ್ಟರಲ್ಲಿ ಕೂಟಕ್ಕೂ ಸಭೆಗೆ ಜಾಗವಿಲ್ಲದ್ದರಿಂದ, ಅದೇ ಹೊತ್ತಿಗೆ ಅದೇ ಫ್ಯಾಮಿಲಿ ರೂಮನ್ನು ಬೆರಳಚ್ಚು ಪರಿಶೀಲನೆಗೆಂದು ಪಡೆಯಲಾಯಿತು.

ಆಮೇಲೆ ಎಲ್ಲವೂ ಸುಸೂತ್ರವಾಗಿದೆ. ಪತ್ರದ ವಿಷಯವನ್ನು ನಂಬಲಾಗದ ಕಾರಣ ಸದಸ್ಯರು ವಿಷಯವಿಲ್ಲದ ಪತ್ರಗಳನ್ನೇ ಬರೆಯತಕ್ಕದ್ದೆಂದು ಜುಲೈಯಲ್ಲಿ ಠರಾವಾಯಿತು. ಈಗ ತಿಂಗಳಿಗೆ ಇನ್ನೂರಕ್ಕೂ ಹೆಚ್ಚು ಖಾಲಿ ಪತ್ರಗಳು ಸಹಿಯೊಂದಿಗೆ ಬರುತ್ತಿವೆ. ಎಲ್ಲ ಸಹಿಗಳೂ ಕೆಟ್ಟಿವೆ. ಬುಡದಲ್ಲಿ ‘ಕನ್ನಡ ಬಳಸಿ, ಕನ್ನಡ ಉಳಿಸಿ’ ಎಂಬ ಸಾಲೊಂದೇ ಇರುವುದರಿಂದ ಅದು ಮೊದಲಿಗಿಂತ ಚೆನ್ನಾಗಿ ಎದ್ದು ಕಾಣುತ್ತಿದೆಯೆಂದು ಸದಸ್ಯರು ಹರ್ಷ ವ್ಯಕ್ತಪಡಿಸಿದ್ದಾರೆ, ಬಾಯಿಮಾತಿನಲ್ಲಿ. ಜಗಳಗಳು ನಿಂತಿವೆ. ನಿಶಾಂತ್ ಕೂಡ ಈಗ ಯಾವುದಕ್ಕೂ ನಗುವುದಿಲ್ಲ, ಉತ್ತಮ ಅಧಿಕಾರಿಯಾಗಿದ್ದಾನೆ. ಪ್ರತಿ ಭಾನುವಾರ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ಸರಸ ಅವರಿಂದಲೂ ಒಂದು ಖಾಲಿ ಪತ್ರ ಬರುತ್ತದೆ. ಸಮಯಪಾಲನೆಗಾಗಿ ಅಧ್ಯಕ್ಷರು ಅದನ್ನು ಮಾದರಿಯೆಂದು ಹೊಗಳಿದರು. ಆ ಪತ್ರವನ್ನು ನಾನು ತೆರೆಯುವುದಿಲ್ಲ.

ಪಾವನಾಳಿಗೆ ಒತ್ತಕ್ಷರ ನೀವೇ ಕಲಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆ. ವಾರದ ದಿನಗಳಲ್ಲಿ ನನಗೆ ಆಫೀಸು, ಭಾನುವಾರ ಕೂಟದ ಕೆಲಸ. ದೀಪಾವಳಿಗೆ ಅಮ್ಮನಿಗೆ ಕಾಗದ ಹೋಯಿತು. ನಾನೇ ಬರೆದೆ, ಅಕ್ಷರ ಆದಷ್ಟು ವಕ್ರ ಮಾಡಿ. ಅಮ್ಮ ಫೋನಿನಲ್ಲಿ, “ಮೇಷ್ಟ್ರು ಓದಿದ್ರು ಕಣ್ಲಾ. ಚೆಂದಾಗೈತೆ. ಆದ್ರೆ ಅದು ನಿನ್ನ ಕಾಗ್ದ ಅಲ್ವಾ?” ಎಂದಳು. ಅಮ್ಮನಿಗೆ ಓದಲು ಬರುವುದಿಲ್ಲ. ಹೇಗೆ ಗೊತ್ತಾಯಿತೋ, ಯಾವ ಕೀಲಿಕೈಯಿಂದ ಪರೀಕ್ಷಿಸಿದಳೋ, ನನಗೆ ಈವರೆಗೂ ತಿಳಿದಿಲ್ಲ.

ಕೊನೆಯದಾಗಿ, ಮೊನ್ನೆ ಫೆಬ್ರವರಿಯಲ್ಲಿ ಗುಪ್ತಪದಗಳ ವಾರ್ಷಿಕ ಪರೀಕ್ಷೆ ನಡೆಯಿತು. ಐತಪ್ಪನವರ ಫ್ಯಾಮಿಲಿ ರೂಮಿನಲ್ಲಿ ಎಲ್ಲರ ಎದುರು ಅಧ್ಯಕ್ಷರು ಲಕೋಟೆಗಳನ್ನು ಒಡೆದು ಒಂದೊಂದೇ ಪದ ಓದಿದರು. ಸದಸ್ಯರು ಗುಪ್ತವಾಗಿ ಕೇಳಿಸಿಕೊಂಡರು. ನನ್ನ ಲಕೋಟೆ ಬಂತು. ಕಳೆದ ಜೂನ್ ತಿಂಗಳ ಕೊನೆಗೆ ನಾನು ನನ್ನ ಗುಪ್ತಪದವನ್ನು ಬದಲಿಸಿ ಹೊಸ ಚೀಟಿ ಇಟ್ಟಿದ್ದೆ. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು.

“ಅಪಪ. ಇದೇನ್ರೀ ರಘು? ಅಷ್ಟು ದುಂಡಗಿನ ಅಕ್ಷರ ನಿಮ್ಮದು. ಕನ್ನಡ ಕೂಟದ ದಫ್ತರದಲ್ಲಿ ಇಂಥ ತಪ್ಪು ಇರಬಹುದೆ?”

ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಒಂದು ‘ಪ’ ಹೊಡೆದುಹಾಕಿ, ಉಳಿದ ‘ಪ’ದ ಬುಡಕ್ಕೆ ಒತ್ತು ಕೊಟ್ಟರು. ಬಹಳ ಅಂದವಾದ ಒತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ತಿದ್ದಿದ ಪದದಿಂದ ನನ್ನ ಕೀಲಿಕೈ ತೆರೆಯುವುದಿಲ್ಲ. ಅದನ್ನು ಯಾರಿಗೂ ಹೇಳಿಲ್ಲ. ದಿನಾ ಖಾಲಿ ಪತ್ರಕ್ಕೆ ಸಹಿ ಹಾಕುವಾಗ ಯಂತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಪದ ಕೇಳುತ್ತದೆ, ನಾನು ಒತ್ತಿಲ್ಲದೆಯೇ ಒತ್ತುತ್ತೇನೆ. ಈ ವರದಿಗೂ ಹಾಗೆಯೇ ಸಹಿ ಹಾಕಿದ್ದೇನೆ. ಸಹಿ ಕೆಟ್ಟಿದೆ ಎಂದು ಬಂದರೆ ಎಲ್ಲವೂ ಸರಿಯಾಗಿದೆ ಎಂದು ತಿಳಿಯತಕ್ಕದ್ದು.